ಮನೆ ನೋಡಕ್ಕೆ ಬಂದವಳಿಗೆ ಹೂದೋಟ ತೋರಿಸಿದ್ದು

…ಅಲ್ಲಿ ಕಾಲಿಡ್ಬೇಡ ಮಗಾ, ಆ ಕಲ್ಲಿಗೆ ಪಾಚಿ ಕಟ್ಟಿದೆ, ಜಾರುತ್ತೆ. ಈ ಕಡೆಯಿಂದ ಬಾ. ಹಾಂ. ನಿನ್ನಪ್ಪ, ಸೋದರಮಾವ ಒಳಗೆ ಕಾಫಿ ಕುಡೀಲಿ, ಅವರ ಮಾತು ಸದ್ಯಕ್ಕೆ ಮುಗಿಯಲ್ಲ. ನಾನೇ ಯಮುನಮ್ಮಂಗೆ ಹೇಳಿದ್ದೆ, ಸಂಬಂಧ ತರೋದಾದ್ರೆ ಹುಡುಗೀನೂ ಕರ್ಕೊಂಡೇ ಬಾ ಅಂತ. ನಮ್ಮ ಕಾಲದಲ್ಲಿ ಮನೆ ನೋಡಕ್ಕೆ ಗಂಡಸರಷ್ಟೇ ಹೋಗ್ತಿದ್ರು. ನಾನು ಈ ಮನೆ ನೋಡಿದ್ದು ಧಾರೆ ಆದ್ಮೇಲೆ. ಹಂಗಾಗ್ಬಾರ್ದು. ನಾಳೆ ಇಲ್ಲಿ ಇರೋಳು ನೀನು, ನೋಡ್ಬೇಕಾದೋಳೂ ನೀನೇ. ಅಲ್ವಾ ಕಾವ್ಯಾ?

ನೋಡು, ಇದು ಡೇರೆ ಹೂವು. ನಿಮ್ಮ ಆನಂದಪುರದಲ್ಲೂ ಇರುತ್ತೆ ಬಿಡು, ಆದ್ರೆ ಈ ಬಣ್ಣ ಸಿಗಲ್ಲ. ಕೆಂಪು, ತುದಿಗೆ ಮಾತ್ರ ಬಿಳಿ. ಒಂದು ಮದುವೆ ಮನೇಲಿ ಪಾತ್ರೆ ತೊಳೆಯೋ ಜಾಗದ ಹಿಂದೆ ಕಂಡೆ. ಕೇಳಿದ್ರೆ ಕೊಡಲ್ಲ ಅಂತ ಗೊತ್ತಿತ್ತು. ಒಂದು ಗೆಡ್ಡೆ ಸೆರಗಲ್ಲಿ ಸುತ್ಕೊಂಡು ಬಂದ್ಬಿಟ್ಟೆ… ಎಂತಕ್ಕೆ ನಗ್ತೀಯ? ಹೂವಿನ ಗಿಡ ಕದಿಯದ ಹೆಂಗಸು ಈ ಹೊಸನಗರ ತಾಲ್ಲೂಕಲ್ಲಿ ಯಾರಿದಾರೆ, ತೋರ್ಸು. ನಗು, ನಗು. ಬಂದಾಗಿಂದ ಈಗ ನಕ್ಕಿದ್ದು ನೀನು.

ಇದು ಕರ್ಣಕುಂಡಲ. ಅದು ರತ್ನಗಂಧಿ. ಅಲ್ಲಿ ಹಲಸಿನ ಕೊಂಬೆಗೆ ಕಟ್ಟಿರೋದು ಸೀತಾಳೆ ದಂಡೆ, ಕಾಡಿಂದ ತಂದಿದ್ದು. ಈಗ ಹೂವಿಲ್ಲ.

ಎರಡು ವರ್ಷದ ಹಿಂದೆ ಇಲ್ಲಿ ಎಂತದೂ ಇರ್ಲಿಲ್ಲ. ಬರೀ ಕೆಮ್ಮಣ್ಣು, ಬಟ್ಟೆ ಒಣಗಿಸೋ ಒಂದು ತಂತಿ. ಯಾರೋ ಮನೆ ನೋಡಕ್ಕೆ ಬಂದಿದ್ರು. ಹೋಗೋವಾಗ ಹುಡುಗಿ ಚಿಕ್ಕಮ್ಮ ಚಪ್ಪಲಿ ಮೆಟ್ಟಿಕೊಳ್ತಾ ಅಂದ್ಲು, ಮನೆ ಮುಂದೆ ಒಂದು ಹೂವಿನ ಗಿಡ ಇಲ್ಲ, ಸಂಜೆ ಕೂತ್ಕೊಳಕ್ಕೆ ಒಂದು ಜಾಗ ಇಲ್ಲ, ನಮ್ಮ ಹುಡುಗಿ ಇಲ್ಲಿ ಹೆಂಗೆ ಇರ್ತಾಳೆ ಅಂತ. ಮೆತ್ತಗೇ ಅಂದಿದ್ದು. ನನ್ನ ಮಗ ತೀರ್ಥೇಶಂಗೂ ಕೇಳಿಸ್ತು. ಮಾರನೇ ಭಾನುವಾರ ಗುದ್ದಲಿ ತಗೊಂಡ.

ಇಷ್ಟೂ ಅವನು ಅಗೆದಿದ್ದು ಮಗಾ. ಈ ಕುಂಡ ನೋಡು. ಯಾವುದ್ರದ್ದು ಹೇಳು… ಗೊತ್ತಾಗಲ್ಲ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಮೈ ಇದು. ರಿಪ್ಪನ್‌ಪೇಟೇಲಿ ಅವನ ವೈಂಡಿಂಗ್ ಅಂಗಡಿ ಇದೆಯಲ್ಲ, ಅಲ್ಲಿ ಗುಜರಿಗೆ ಹಾಕೋದನ್ನ ತಂದು, ಮೇಲ್ಗಡೆ ಕೊಯ್ದು, ಬಣ್ಣ ಹೊಡೆದ. ಹಳದಿ ಅವನು ಆರಿಸಿದ್ದು, ನೀಲಿ ನಾನು. ಯೂಟ್ಯೂಬ್ ನೋಡಿ ಬಿದಿರಿನ ಕಮಾನು ಮಾಡ್ದ. ಬಸವನಹುಳು ಡೇರೆ ಚಿಗುರು ತಿನ್ನುತ್ತೆ ಅಂತ ಬೆಳಿಗ್ಗೆ ಎದ್ದು ಒಂದೊಂದೇ ಹೆಕ್ಕಿ ಹಾಕ್ತಿದ್ದ. ಕೊಲ್ತಿರ್ಲಿಲ್ಲ. ಡಬ್ಬಿಗೆ ತುಂಬ್ಕೊಂಡು ಹಳ್ಳದ ಆಚೆ ಬಿಟ್ಟು ಬರ್ತಿದ್ದ. ಅಂಥ ಹುಡುಗ. ಮಾತು ಕಮ್ಮಿ. ಇವತ್ತು ಇದ್ದಿದ್ರೆ ಅವನೇ ತೋರಿಸ್ತಿದ್ದ… ನಿನ್ನಪ್ಪಂಗೆ ಹೇಳಿದ್ನಲ್ಲ, ತಾಮ್ರದ ತಂತಿ ತರಕ್ಕೆ ಶಿವಮೊಗ್ಗಕ್ಕೆ ಹೋಗಿದಾನೆ. ಅರ್ಜೆಂಟ್ ಕೆಲಸ ಬಂತು. ಬರೋ ಹೊತ್ತಾಯ್ತು.

ಕೂತ್ಕೋ. ಜೋಕಾಲೀಲಿ ಕೂತ್ಕೋ. ಗಟ್ಟಿ ಇದೆ, ಕಬ್ಬಿಣದ ಪೈಪು. ಅವಳೂ ಅಲ್ಲೇ ಕೂತು…

ಯಾರೂ ಇಲ್ಲ. ನನ್ನ ತಂಗಿ ಮಗಳು.

ಹಂಗೆ ನೋಡ್ಬೇಡ ಮಗಾ. ಯಮುನಮ್ಮ ಹೇಳಿರ್ತಾಳೆ ನಿಂಗೆ. ಹೌದು, ಕೋಣಂದೂರಿನ ಹುಡುಗಿ. ನಿಶ್ಚಿತಾರ್ಥ ಆಗಿತ್ತು. ಮನೆ ನೋಡಕ್ಕೆ ಬಂದಾಗ ಒಂದು ಗಂಟೆ ಇಲ್ಲೇ ಕೂತಿದ್ಲು. ಇಬ್ರೂ ಮಾತಾಡ್ಕೊಂಡ್ರು, ನಾನು ಅಡುಗೆ ಮನೆ ಕಿಟಕಿಯಿಂದ ನೋಡ್ದೆ. ಅವನು ಅಷ್ಟು ಮಾತಾಡಿದ್ದು ನಾನು ಕಂಡಿರ್ಲಿಲ್ಲ. ಆಮೇಲೆ ಅವರೇ ಬೇಡ ಅಂದ್ರು. ಎಂತದೋ ಜಾತಕದ ದೋಷ ಅಂತ. ಮದುವೆಗೆ ಹದಿನೈದು ದಿನ ಇತ್ತು.

ನಿಂಗೆ ಇಷ್ಟ ಆಯ್ತಾ ಇದೆಲ್ಲ? ನಾಲ್ಕು ತಿಂಗಳಿಂದ ನಾನೊಬ್ಳೇ ನೋಡ್ಕೊಳ್ತಿರೋದು. ಸೊಂಟ ಬಗ್ಗಲ್ಲ. ಆ ಮೂಲೇಲಿ ಕಳೆ ಬಂದಿದೆ, ನಂಗೂ ಕಾಣುತ್ತೆ… ಅಂದ್ರೆ, ಅವನಿಗೆ ಅಂಗಡೀಲಿ ಪುರಸೊತ್ತಿಲ್ಲ ಅಂತ ಹೇಳಿದ್ದು. ಮಲ್ಲಿಗೆ ನಿಂಗೆ ಬೇಕು ಅಂದ್ರೆ ಅಲ್ಲಿ ಹಾಕ್ಬಹುದು. ತರಕಾರಿ ಮಾಡ್ತೀಯಾದ್ರೆ ಹಿಂದೆ ಜಾಗ ಇದೆ. ನೀನು ಹೇಳಿದ ಹಂಗೆ ಮಾಡೋಣ. ನಾನು ಅಡ್ಡ ಬರಲ್ಲ. ಏನಾದ್ರೂ ಹೇಳು ಮಗಾ. ನಾನೊಬ್ಳೇ ಮಾತಾಡ್ತಿದೀನಿ.

ಏನಾದ್ರೂ ಕೇಳು.

ಎಲ್ರೂ ಬಂದ ತಕ್ಷಣ ಕೇಳೋದು ಹುಡುಗ ಎಲ್ಲಿ ಅಂತ. ನಿನ್ನಪ್ಪ ಮೂರು ಸಲ ಕೇಳಿದ್ರು. ನೀನು ಒಂದು ಸಲಾನೂ ಕೇಳ್ಲಿಲ್ಲ. ಯಾವಾಗ ಬರ್ತಾನೆ ಅಂತಲೂ ಇಲ್ಲ, ಹೆಂಗಿದಾನೆ ಅಂತಲೂ ಇಲ್ಲ… ಕಾವ್ಯಾ. ತಲೆ ಎತ್ತು. ನನ್ನ ಮುಖ ನೋಡು.

ಫೋನ್ ಮಾಡಿದ್ನಾ?

ಯಾವಾಗ… ನಿನ್ನೆಯಾ. ನಂಬರ್ ಯಮುನಮ್ಮ ಕೊಟ್ಲಾ. ಸರಿ.

ಎಲ್ಲಾ ಹೇಳಿದ್ನಾ?

…ಜಾತಕ ಗೀತಕ ಎಂತದೂ ಇಲ್ಲ. ನಿಂಗೆ ಗೊತ್ತು, ಆದ್ರೂ ನನ್ನ ಬಾಯಲ್ಲಿ ಬರ್ಲಿ. ಅವನಿಗೆ ಫಿಟ್ಸ್ ಬರುತ್ತೆ. ಹತ್ತೊಂಬತ್ತನೇ ವರ್ಷದಿಂದ. ವರ್ಷಕ್ಕೆ ಒಂದ್ಸಲ, ಎರಡು ಸಲ. ಮಾತ್ರೆ ತಗೊಳ್ತಾನೆ, ಒಂದು ದಿನ ತಪ್ಪಿಸಲ್ಲ. ಮದುವೆ ಆಗ್ಬಹುದು, ಏನೂ ತೊಂದ್ರೆ ಇಲ್ಲ ಅಂತ ಡಾಕ್ಟ್ರು ಹೇಳಿದಾರೆ. ಆದ್ರೆ ಜನಕ್ಕೆ ಯಾರು ಹೇಳೋದು? ಮೊದಮೊದಲು ಬಂದ ಇಬ್ರಿಗೆ ಹೇಳಿದ್ದೆ. ಕಾಫಿ ಲೋಟ ಮುಟ್ಟದೇ ಎದ್ದು ಹೋದ್ರು. ಆಮೇಲೆ ನಾನು ಬಾಯಿ ಬಿಡ್ಲಿಲ್ಲ.

ಅವರು ಮನೆ ನೋಡಕ್ಕೆ ಬರೋ ಮುಂಚೇನೇ, ಕೋಣಂದೂರಿನ ಹುಡುಗಿಗೆ ತಾನೇ ಹೇಳ್ತೀನಿ ಅಂದ ಅವನು. ನಾನು ಬಿಡ್ಲಿಲ್ಲ. ಹಿರಿಯರು ಮಾತಾಡೋ ವಿಷ್ಯ ಇದು, ನಾನು ಅವಳ ಅಮ್ಮಂಗೆ ಹೇಳ್ತೀನಿ, ನೀನು ಸುಮ್ನಿರು ಅಂದೆ. ಎರಡು ದಿನ ಬಿಟ್ಟು ಹೇಳಾಯ್ತು ಅಂದೆ. ಒಪ್ಪಿದ್ರಾ ಅಮ್ಮ ಅಂತ ಕೇಳ್ದ. ಒಪ್ಪಿದ್ರು ಕಣೋ ಅಂದೆ. ಆ ದಿನ ಅವನ ಮುಖ… ನೀನು ನೋಡ್ಬೇಕಿತ್ತು ಮಗಾ. ಅವತ್ತು ಸಂಜೇನೇ ಈ ಜೋಕಾಲಿ ಹಾಕಿದ್ದು.

ನಾನು ಹೇಳಿರ್ಲಿಲ್ಲ. ಮದುವೆ ಒಂದು ಆಗ್ಲಿ, ಆಮೇಲೆ ಹೆಂಗೋ ಹೊಂದ್ಕೊಳ್ತಾರೆ ಅಂತ.

ಲಗ್ನಪತ್ರಿಕೆ ಕೊಡಕ್ಕೆ ಅವರ ಮನೆಗೆ ಹೋದ. ಅವರಿಗೆ ಗೊತ್ತಿದೆ ಅಂತಲೇ ಹೋಗಿದ್ದು. ಜಗುಲೀಲಿ ಬಿದ್ದ. ಎಚ್ಚರ ಆದಾಗ ಹುಡುಗಿ ಅಪ್ಪ ಮೇಲೆ ನಿಂತು ಕೂಗ್ತಿದ್ರಂತೆ, ಮೋಸಗಾರರು, ರೋಗ ಮುಚ್ಚಿಟ್ಟು ಹೆಣ್ಣು ಕೇಳಿದ್ರಿ ಅಂತ. ಇವನು, ಅಮ್ಮ ಹೇಳಿದಾಳಲ್ಲ, ಅಮ್ಮ ಹೇಳಿದಾಳಲ್ಲ ಅಂತಲೇ ಇದ್ನಂತೆ. ಆ ಹುಡುಗಿ ಅಳ್ತಾ ಬಾಗಿಲು ಹಾಕ್ಕೊಂಡ್ಲಂತೆ.

ಬಸ್ಸಲ್ಲಿ ಒಬ್ನೇ ಬಂದ. ಅಂಗಿಗೆ ಮಣ್ಣು ಮೆತ್ತಿತ್ತು. ನನ್ನನ್ನ ಬೈಲಿಲ್ಲ. ಯಾಕೆ ಅಂತ ಒಂದೇ ಮಾತು ಕೇಳ್ದ. ಬಟ್ಟೆ ತುಂಬ್ಕೊಂಡು ಹೋದ. ಅಂಗಡಿ ಹಿಂದೆ ಒಂದು ರೂಮಿದೆ, ಅಲ್ಲೇ ಇದಾನೆ. ಶಿವಮೊಗ್ಗಕ್ಕೂ ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ. ನಾಲ್ಕು ತಿಂಗಳಾಯ್ತು, ಈ ಅಂಗಳ ತುಳಿದಿಲ್ಲ ಅವನು. ಊಟ ತಗೊಂಡು ಹೋದ್ರೆ ಡಬ್ಬಿ ಹಂಗೇ ವಾಪಸ್ ಕೊಡ್ತಾನೆ. ರೂಮಲ್ಲಿ ಒಬ್ನೇ ಬಿದ್ರೆ ಯಾರು ನೋಡ್ತಾರೆ ಅಂತ ನಾನು ಇಲ್ಲಿ… ನೀವು ಬರ್ತೀರ ಅಂತ ಮೆಸೇಜ್ ಹಾಕಿದ್ದೆ. ಉತ್ತರ ಬರ್ಲಿಲ್ಲ. ಮದುವೆ ಗೊತ್ತಾದ್ರೆ ಮನೆಗೆ ಬರ್ತಾನೆ ಅಂದ್ಕೊಂಡೆ.

ನಿಂಗೆ ಎಲ್ಲಾ ಗೊತ್ತಿತ್ತಲ್ಲ. ಮತ್ತೆ ಎಂತಕ್ಕೆ ಬಂದೆ? ಬರಲ್ಲ ಅನ್ಬಹುದಿತ್ತು.

…ಅವನೇ ಹೋಗು ಅಂದ್ನಾ?

ಎಂತ ಅಂದ, ಸರಿಯಾಗಿ ಹೇಳು… ‘ಅಮ್ಮ ತಾನಾಗೇ ಹೇಳ್ತಾಳಾ ನೋಡು. ನೀನಾಗಿ ಕೇಳ್ಬೇಡ. ಹೇಳಿದ್ರೆ ಮನೆಗೆ ಬರ್ತೀನಿ, ನಿನ್ನ ಹತ್ರಾನೂ ಮಾತಾಡ್ತೀನಿ.’ ಹಂಗಂದ್ನಾ.

ಅಷ್ಟೊತ್ತಿಂದ ನೀನು ಅದಕ್ಕೆ ಕಾಯ್ತಿದ್ದೆ. ನಾನು ಡೇರೆ ತೋರಿಸ್ದೆ.

ಈಗ ಹೇಳಿದ್ನಲ್ಲ ಮಗಾ. ಎಲ್ಲಾ ಹೇಳಿದೆ. ಒಂದು ಮಾತೂ ಮುಚ್ಚಿಡ್ಲಿಲ್ಲ… ಗೊತ್ತು. ನಿಂಗೆ ಗೊತ್ತಿದೆ ಅಂತ ಆದ್ಮೇಲೆ ಹೇಳಿದ್ದು. ಅದು ಬೇರೆ.

ಫೋನು ಕೈಯಲ್ಲೇ ಇದೆಯಲ್ಲ. ಅವನದಾ ಮೆಸೇಜು? ಎಲ್ಲಿದಾನೆ ಅಂತೆ… ಕೆಳಗೆ ಬಸ್ ಸ್ಟಾಪಲ್ಲಾ? ಬಂದಿದಾನಾ? ಇಲ್ಲಿಂದ ಕೂಗಿದ್ರೆ ಕೇಳುತ್ತೆ ಕಾವ್ಯಾ ಅದು. ಅಷ್ಟು ಹತ್ರ ಬಂದು ಕೂತಿದಾನಾ?

ಹೇಳಿದ್ರು ಅಂತ ಹಾಕ್ಬಿಡು. ಒಂದೇ ಮಾತು. ಅಮ್ಮ ತಾನಾಗೇ ಹೇಳಿದ್ರು ಅಂತ. ನೀನು ಅವನನ್ನ ಒಪ್ಬೇಡ, ಈ ಮನೆಗೂ ಬರ್ಬೇಡ, ನಾನೇನೂ ಕೇಳಲ್ಲ. ಅವನು ಈ ಹತ್ತು ಮೆಟ್ಟಿಲು ಹತ್ತಿ ಬಂದ್ರೆ ಸಾಕು. ನಿನ್ನ ಕಾಲು…

ಎಂತ… ಅದು ಸುಳ್ಳಾಗುತ್ತೆ ಅಂತೀಯಾ?

ಹೌದು. ನಾನು ಅವತ್ತು ಹೇಳಾಯ್ತು ಅಂದಿದ್ದೂ ಹಿಂಗೇ.

ನಿನ್ನಪ್ಪ ಕರೀತಿದಾರೆ, ಹೊರಡೋ ಹೊತ್ತಾಯ್ತು ಅನ್ಸುತ್ತೆ. ಏಳು ಮಗಾ. ಅಮ್ಮ ತಾನಾಗೇ ಹೇಳ್ಲಿಲ್ಲ ಅಂತಾನೇ ಹಾಕು ಅವನಿಗೆ. ನನ್ನ ಎದುರಿಗೇ ಹಾಕು.

…ಹೋಯ್ತಾ?