ಹೊಲಿಗೆ ಹಾಕಿದ ಮೇಲೆ

ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಅನುಸೂಯ ಹೊಳಲ್ಕೆರೆ ಬಸ್ಸಿಗೆ ಕಾಯುತ್ತಿದ್ದಳು. ತೊಡೆಮೂಳೆ ಮುರಿದು ರಾಡು ಹಾಕಿಸಿಕೊಂಡ ಮೇಲೆ ಅವಳಿಗೆ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ; ಬೆಂಚೊಂದರಲ್ಲಿ ಕೂತಿದ್ದಳು. ಮುಂದಿನ ಬೆಂಚಿನಲ್ಲಿ, ಎಂಬಿಬಿಎಸ್ ಮುಗಿಸಿದ ಹುಡುಗಿಯೊಬ್ಬಳು ಮೂಳೆ ಡಾಕ್ಟರಾಗಿದ್ದ ತನ್ನೂರಿನವನನ್ನು ವಿಚಾರಿಸುತ್ತಿದ್ದಳು.

“ಕೊಟ್ರೇಶಣ್ಣ, ನೀನು ಓದಿದ ಕಾಲೇಜಲ್ಲೇ ನಂಗೂ ಮೂಳೆ ವಿಭಾಗದ ಪಿಜಿ ಸೀಟು ಸಿಕ್ಕೈತೆ. ಸಂಜೆಯೊಳಗೆ ಹೇಳ್ಬೇಕು. ಸೇರ್ಲಾ?”

“ಕೈಗೆ ಕೆಲ್ಸ ಬೇಜಾನ್ ಕೊಡ್ತಾರೆ ಬಿಂದು. ಮೊದಲ್ನೇ ವರ್ಷಾನೇ ಮೂಳೆ ಕೊರೆಯೋ ಡ್ರಿಲ್ ಹಿಡಿದೆ ನಾನು.”

“ಮತ್ತಿನ್ನೇನು! ಬೇರೆ ಕಡೆ ಆಪರೇಷನ್ ಟೈಮಲ್ಲಿ ಬರೀ ಪೇಷೆಂಟ್ ಕಾಲು ಎತ್ತಿ ಹಿಡ್ಕಂಡು ನಿಲ್ಲಿಸ್ತಾರಂತೆ.”

“ಆದ್ರೆ ಅಲ್ಲಿ ಆಪರೇಷನ್ ಮಾಡಿದೋರಿಗೆ ಆ ಪೇಷೆಂಟು ಮತ್ತೆ ಸಿಗಲ್ಲ. ಹೊಲಿಗೆ ಬಿಚ್ಚೋದು, ಆಮೇಲೆ ನೋಡ್ಕಳದು, ಎಲ್ಲಾ ಬೇರೇರು.”

“ಅದರಿಂದೇನಣ್ಣ?”

“ಹಿರಿಯೂರಿನ ಯಜಮಾನ್ರು ಒಬ್ರಿಗೆ ರಾಡು ಹಾಕಿದ್ದೆ. ಪಾದ ಒಂಚೂರು ಹೊರಕ್ಕೆ ತಿರುಗೈತೆ ಅನ್ನಿಸ್ತು. ಕೇಳಾಣ ಅಂದ್ರೆ ಸರ್ ಇರಲಿಲ್ಲ. ಹಂಗೇ ಹೊಲಿಗೆ ಹಾಕ್ಬಿಟ್ಟೆ.”

“ಚೆನ್ನಾಗೇ ಓಡಾಡ್ತಿರ್ತಾರೆ ಬಿಡು.”

“ಇರಬಹುದು. ಮುಖ ನೆನಪಿಲ್ಲ. ಎಲ್ಲಿ ಕುಂತ್ರೂ ಹೋಗೋ ಬರೋರ ಪಾದ ನೋಡ್ತೀನಿ.”

ಹುಡುಗಿ ನಗಲು ಹೋಗಿ ಅವನ ಮುಖ ನೋಡಿದಳು.

“ಅಲ್ಲಿ ಚೆನ್ನಾಗಿ ಕಲಿಸಲ್ಲ ಅಂತೀಯಾ ಹಂಗಾದ್ರೆ?”

“ಚೆನ್ನಾಗೇ ಕಲಿಸಿದ್ರು. ಕಲಿತಿದ್ದಕ್ಕೇ ಗೊತ್ತಾಗಿದ್ದು, ಅವತ್ತು ನಾನು ಹಾಕಿದ್ದು ತಪ್ಪು ಅಂತ.”

ಹೊಳಲ್ಕೆರೆ ಬಸ್ಸು ಬಂತು, ಹೊರಟೂ ಹೋಯಿತು. ಅನುಸೂಯ ಏಳಲಿಲ್ಲ. ಹೊರಕ್ಕೆ ತಿರುಗಿಕೊಂಡ ತನ್ನ ಬಲಪಾದವನ್ನು ಅವನ ಕಣ್ಣಿಗೆ ಬೀಳದಂತೆ ಸೀರೆಯೊಳಗೆ ಎಳೆದುಕೊಂಡು, ಅವರಿಬ್ಬರೂ ಎದ್ದು ಜನರ ನಡುವೆ ಮರೆಯಾಗುವವರೆಗೂ ಕೂತೇ ಇದ್ದಳು.