ಕ್ರೇನ್ ನಿಲ್ಲುವ ಜಾಗ

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಜಪಾನಿನ ಫುನಾಬೊರಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಚಂದ್ರಮೌಳಿಗೆ ಆದದ್ದು ಇದು. ಮೈಸೂರಿನವನು. ದೆವ್ವ ಅಂದರೆ ನಗುತ್ತಿದ್ದ ಆಸಾಮಿ.

ಅವತ್ತು ಕೊನೆಯ ರೈಲು ಇಳಿದು ಬರುತ್ತಿದ್ದ. ದಾರಿಯಲ್ಲೊಂದು ಪುಟ್ಟ ಗುಡಿ, ಪಕ್ಕದಲ್ಲಿ ಬಿದಿರಿನ ಮುಚ್ಚಳದ ಹಳೇ ಬಾವಿ. ಅಲ್ಲಿಗೆ ಬಂದಾಗ ಬೆನ್ನ ಹಿಂದೆ ಟಕ್... ಟಕ್... ಕಾರ್ಖಾನೆಯ ಬೂಟು. ಆಮೇಲೆ ದನಿ.

"ಮಿಗಿ... ಯೋಶಿ."

ಬಲಗಡೆ ಸರಿ ಇದೆ ಅಂತ. ಇವನು ಅಲ್ಲೇ ನಿಂತ.

"ಹಿದಾರಿ... ಯೋಶಿ." ಎಡಗಡೆಯೂ ಸರಿ.

"ಉಯೆ..." ಮೇಲೆ. ಅಷ್ಟೇ. ಯೋಶಿ ಬರಲಿಲ್ಲ.

ದನಿ ಇವನ ಗೋದಾಮಿನ ಕೆಲಸಗಾರ ಓಗಾವಾ ಸಾನ್‌ದು. ಅವರು ಸತ್ತು ತಿಂಗಳಾಗಿತ್ತು.

ಕಡಲ ದಡದ ಆ ಗೋದಾಮಿನಲ್ಲಿ ಉಕ್ಕಿನ ತಗಡಿನ ಕಾಯಿಲ್‌ಗಳು, ಒಂದೊಂದೂ ಆನೆಗಿಂತ ಭಾರ. ಎತ್ತಿ ಜೋಡಿಸುವುದು ಡ್ರೈವರ್ ಇಲ್ಲದ ಕ್ರೇನ್. ಅದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದವನು ಚಂದ್ರಮೌಳಿ. ಕೆಳಗೆ ಮನುಷ್ಯರಿದ್ದರೆ ಸೆನ್ಸರ್ ಕ್ರೇನನ್ನು ನಿಲ್ಲಿಸಬೇಕು. ಪಾರಿವಾಳ ಹಾರಿದರೂ ನಿಲ್ಲುತ್ತಿತ್ತು ಅಂತ ಡೆಮೊ ದಿನ ಸೆನ್ಸರನ್ನೇ ಬೈಪಾಸ್ ಮಾಡಿದ. ವಾಪಸ್ ಹಾಕಲು ಮರೆತ. ಮಾರನೇ ದಿನ ಕಾಯಿಲ್ ಪರೀಕ್ಷಿಸಲು ಒಳಗೆ ಹೋದ ಓಗಾವಾ ಸಾನ್ ಮೇಲೆ ಇನ್ನೊಂದು ಕಾಯಿಲ್ ಇಳಿಯಿತು... ಆ ಗದ್ದಲದಲ್ಲೇ ಪಾಪಿ ಸದ್ದಿಲ್ಲದೆ ಸೆನ್ಸರ್ ಆನ್ ಮಾಡಿಟ್ಟ.

ಅಲ್ಲಿ ಒಳಗೆ ಕಾಲಿಡುವ ಮುಂಚೆ ಸುತ್ತಲೂ ಬೆರಳು ತೋರಿಸಿ, ಗಟ್ಟಿಯಾಗಿ ಯೋಶಿ ಅನ್ನಲೇಬೇಕು. ಸೆನ್ಸರ್ ಸರಿಯಾಗಿದೆ, ಕ್ರೇನ್ ನಿಲ್ಲುವಷ್ಟೂ ಹೊತ್ತು ಕೊಡದೆ ಓಗಾವಾ ಸಾನ್ ಯೋಶಿ ಅನ್ನದೆ ನುಗ್ಗಿದ್ದೇ ತಪ್ಪು ಎಂದು ವಿಚಾರಣೆ ಮುಗಿಯಿತು. ಅವರ ಹೆಂಡತಿ ಸಿಹಿಯ ಡಬ್ಬಿ ಹಿಡಿದು ಆಫೀಸಿಗೆ ಬಂದರು. ನಮ್ಮವರಿಂದ ತೊಂದರೆಯಾಯಿತು, ಸುಮಿಮಾಸೆನ್, ಕ್ಷಮಿಸಿ ಅಂತ ಒಬ್ಬೊಬ್ಬರಿಗೂ ಬಗ್ಗಿದರು. ಚಂದ್ರಮೌಳಿಗೂ. ಅವನು ಆ ಸಿಹಿ ತಿಂದ.

ಆ ರಾತ್ರಿ ಬಾವಿಯ ಬಳಿಯಿಂದ ಮನೆಗೆ ಒಂದೇ ಓಟ. ಬಾಗಿಲು ತೆಗೆದ ಹೆಂಡತಿ ಸ್ಫೂರ್ತಿ ಪಿಸುಗುಟ್ಟಿದಳು.

"ಹಿಂದೆ ಯಾರ್ರೀ?"

"ಯಾ... ಯಾರೂ ಇಲ್ವಲ್ಲೇ."

"ಹೆಲ್ಮೆಟ್ ಹಾಕ್ಕೊಂಡಿದಾರೆ... ಮೇಲೆ ಬೆರಳು ತೋರಿಸ್ತಿದಾರೆ."

ಚಪ್ಪಲಿ ಬಿಡುವ ಜಾಗದಲ್ಲೇ ಕೂತು ಎಲ್ಲ ಹೇಳಿದ. "ಅವ್ರು ಎಲ್ಲಾ ಸರಿಯಾಗೇ ಮಾಡಿದ್ರು ಕಣೇ. ತಪ್ಪು ನಂದು."

ಸ್ಫೂರ್ತಿ ಅವನ ಎದುರಿಗೆ ಕೂತಳು. "ಬೆಳಗ್ಗೆ ಮೊದ್ಲು ಅವ್ರ ಹೆಂಡ್ತಿಗೆ ಹೇಳಿ. ಆಮೇಲೆ ಆಫೀಸಿಗೆ. ಕೆಲ್ಸ ಹೋದ್ರೆ ಹೋಗ್ಲಿ."

ಹೇಳಿದ. ಕೆಲಸ ಹೋಯಿತು. ಕಂಪನಿಯವರು ಆ ಹೆಂಗಸಿನ ಮನೆಗೇ ಹೋಗಿ ಬಗ್ಗಿ ಕ್ಷಮೆ ಕೇಳಿದರು. ಬೂಟಿನ ಸದ್ದೂ ನಿಂತಿತು. ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ?

ಆ ಗೋದಾಮಿನಲ್ಲಿ ಈಗಲೂ ಕೆಲಸ ಮಾಡುವ ನಮ್ಮ ಅನೂಪನನ್ನು ಕೇಳಿ. ಓಗಾವಾ ಸಾನ್ ಸತ್ತ ಜಾಗದ ಮೇಲೆ ಬಂದರೆ ಕ್ರೇನ್ ನಿಲ್ಲುತ್ತದಂತೆ. ಕೆಳಗೆ ಒಬ್ಬರಿದ್ದಾರೆ ಅನ್ನುತ್ತದಂತೆ ಕಂಪ್ಯೂಟರ್ ಪರದೆ. ಸೆನ್ಸರ್ ಬದಲಾಯಿಸಿ ನೋಡಿದರು. ಹೊಸದೂ ಹಾಗೇ ಅಂದಿತು. ಈಗ ಅಲ್ಲಿ ಕಾಯಿಲ್ ಇಡುವುದನ್ನೇ ಬಿಟ್ಟಿದ್ದಾರೆ. ಸುಳ್ಳಲ್ಲರೀ... ಅನೂಪ ಫೋಟೊ ಕಳಿಸಿದ್ದಾನೆ. ಸುತ್ತ ಕಾಯಿಲ್, ನಡುವೆ ಖಾಲಿ ನೆಲ.