ಸಮಾಧಿ ಕಾಯುವವನ ಕೈ

…ಇಲ್ಲ, ತಪ್ಪು ಅಂದ್ರೆ ತಪ್ಪೇ. ನನ್ನನ್ನ ಕುಡುಕ ಅಂತ ಕರೆದು ಕಾವಲಿನಿಂದ ಹೊರಗೆ ಹಾಕಿದ್ದು ತಪ್ಪು. ಹೋದ ವರ್ಷ ಇದನ್ನ ಹೇಳೋಕೆ ಬಂದಾಗ ನೀನು ಎದ್ದು ಹೋದೆ. ಇವತ್ತು ಹೇಗೆ ಹೋಗ್ತೀಯ ನೋಡೋಣ. ತಲೆ ಮೇಲೆ ರೋಮನ್ ಸಿಪಾಯಿ ಟೋಪಿ, ಕೈಯಲ್ಲಿ ಈಟಿ, ಬೆನ್ನ ಹಿಂದೆ ಚರ್ಚಿನಲ್ಲಿ ಕಟ್ಟಿರೋ ಕ್ರಿಸ್ತನ ಸಮಾಧಿ. ಅಲ್ಲಾಡೋ ಹಾಗಿಲ್ಲ, ಬಾಯಿ ಬಿಡೋ ಹಾಗಿಲ್ಲ. ನಿನ್ನ ಜೊತೆ ಒಂದು ಮಾತು ಪೂರ್ತಿ ಆಡೋಕೆ ಶುಭ ಶುಕ್ರವಾರಕ್ಕಿಂತ ಒಳ್ಳೆ ದಿನ ಇಲ್ಲ ಕಣೋ ಸ್ಟಿಪೆ.

ಮೂಗು ಯಾಕೆ ಹಿಗ್ಗಿಸ್ತೀಯ? ಯಾರಿಗೂ ಅನುಮಾನ ಬರಲ್ಲ ಬಿಡು. ಊರಿನವರೆಲ್ಲ ಬಂದು ಕಾವಲುಗಾರರನ್ನ ನಗಿಸೋಕೆ ನೋಡೋದು ಇದ್ದಿದ್ದೇ. ಯಾಕೋವ್ ಬಂದು ತಮ್ಮನನ್ನ ನಗಿಸ್ತಿದಾನೆ ಅನ್ಕೊಳ್ತಾರೆ. ಆ ಕಡೆ ನಿಂತಿರೋ ವಿನ್ಕೊಗೆ ಎಡಗಿವಿ ಮಂದ. ಇವತ್ತು ಅವನ ಎಡಗಿವಿ ಈ ಕಡೆಗಿದೆ, ನನ್ನ ಪುಣ್ಯ.

ಪೂಜೆ ಮುಗಿದ ಮೇಲೆ ನೀವೆಲ್ಲ ಹಿಂದಿನ ಕೋಣೆಯಲ್ಲಿ ಕೂತ್ಕೊಳ್ತೀರಿ. ಯಾಕೋವ್‌ನ ವಾಪಸ್ ತಗೋಬೇಕಾ, ಬೇಡ್ವಾ. ನಾಯಕ ನೀನು, ಮೊದಲ ಮಾತು ನಿಂದು. ಅಜ್ಜ ನಿಂತ ಜಾಗ, ಅಪ್ಪ ನಿಂತ ಜಾಗ. ಈ ಸಲನೂ ಬೇಡ ಅಂದ್ರೆ ಅದು ಬೇರೆ ಮನೆಗೆ ಹೋಗುತ್ತೆ. ಆಮೇಲೆ ಕಾಲು ಹಿಡಿದ್ರೂ ಬರಲ್ಲ.

ಕಾಲು ಅಂದ ತಕ್ಷಣ ತುಟಿ ಯಾಕೋ ನಡುಗ್ತು? ನಗು, ನಗು. ಒಳಗೇ ನಗು.

ನಮ್ಮೂರ ಡಾಕ್ಟರೂ ನಕ್ಕ. ಈ ಚಡಪಡಿಕೆ ಮೊದಲು ನನ್ನ ಕಾಲಿಗೆ ಬಂದಾಗ ಕಾಯಿಲೆ ಅಂತ ಒಪ್ಪಿಕೊಂಡ, ಮಾತ್ರೆ ಕೊಟ್ಟ. ಆಮೇಲೆ ತೋಳಿಗೂ ಬಂತು, ಭುಜಕ್ಕೂ ಹತ್ತಿತು ಸ್ವಾಮಿ ಅಂದೆ. ಕನ್ನಡಕ ಮೇಲೆ ಮಾಡ್ಕೊಂಡು ಹೇಳ್ತಾನೆ: ಈ ಕಾಯಿಲೆ ಹೆಸರೇ ಚಡಪಡಿಸೋ ಕಾಲು ಅಂತ. ಕೈಗೆ ಹೇಗೆ ಬರುತ್ತಯ್ಯಾ? ಕಾಯಿಲೆಗೆ ಓದೋಕೆ ಬರುತ್ತೇನೋ? ಸೊಂಟದ ತನಕ ಬಂದು, ಬೋರ್ಡ್ ನೋಡಿ, ಅಯ್ಯೋ ಇಲ್ಲಿಂದ ಮುಂದೆ ನನಗೆ ಪರವಾನಗಿ ಇಲ್ಲ ಅಂತ ವಾಪಸ್ ಹೋಗುತ್ತಾ? ಕೊನೆಗೆ ವೈನ್ ಕಮ್ಮಿ ಮಾಡು ಅಂತ ಕಳಿಸಿದ. ಓದಿದವರ ಹತ್ತಿರ ಉತ್ತರ ಮುಗಿದ್ರೆ ಬಡವನ ಗ್ಲಾಸ್ ನೆನಪಾಗುತ್ತೆ.

ಅದು ನೋವಲ್ಲ ಸ್ಟಿಪೆ. ತುರಿಕೆನೂ ಅಲ್ಲ, ತುರಿಸೋಕೆ ಜಾಗನೇ ಸಿಗಲ್ಲ. ಹೊಳೆಯಲ್ಲಿ ಹಾವುಮೀನು ಹಿಡಿದು ಬಕೆಟ್ಟಿಗೆ ಹಾಕಿ ಮುಚ್ಚಳ ಒತ್ತಿ ಹಿಡ್ಕೊಳ್ತೀವಲ್ಲ, ಆ ಬಕೆಟ್ಟು ಈ ಮೊಣಕೈಯಿಂದ ಭುಜದ ತನಕ. ಆಡಿಸಿದ್ರೆ ಸುಮ್ಮನಾಗುತ್ತೆ, ಸುಮ್ಮನಿದ್ರೆ ಆಡುತ್ತೆ. ಹೊತ್ತು ಇಳಿದಂಗೆಲ್ಲ ಜಾಸ್ತಿ. ನನ್ನ ಹೆಂಡ್ತಿ ಹೇಳ್ತಾಳೆ, ನಿನ್ನ ಪಕ್ಕ ಮಲಗೋದೂ ಒಂದೇ, ಬಿರುಗಾಳಿಗೆ ದೋಣಿಯಲ್ಲಿ ಮಲಗೋದೂ ಒಂದೇ ಅಂತ. ಇಂಥವನನ್ನ ತಂದು, ಕಲ್ಲಿನ ಹಾಗೆ ನಿಲ್ಲು ಅಂತಾರೆ. ನಿಂತೆ ಕಣೋ. ಎಷ್ಟೋ ವರ್ಷ ನಿಂತೆ. ಈಟಿನ ಎಡಗೈಗೆ ಕೊಟ್ಟು, ಬಲಗೈನ ಮೇಲಂಗಿ ಒಳಗೆ ಇಟ್ಕೊಂಡು, ಬೆರಳು ಹಿಂಡ್ತಾ ಹಿಂಡ್ತಾ ನಿಂತೆ. ಯಾರಿಗೂ ಗೊತ್ತಾಗ್ಲಿಲ್ಲ.

ಹೋದ ವರ್ಷದ ತನಕ.

ಎಂಥಾ ಶುಕ್ರವಾರ ಅದು, ಹೇಳು. ಪಾದ್ರಿ ದೋನ್ ಲೋವ್ರೆ ಮೆಲ್ಲಗೆ ಪ್ರಾರ್ಥನೆ ಓದ್ತಿದಾರೆ, ಎಂಟು ಜನ ಸಾಲಾಗಿ ನಿಂತಿದೀವಿ, ನಾವಿಬ್ರೂ ಪಕ್ಕಪಕ್ಕ. ಠಣ್ ಅಂತ ಒಂದು ಈಟಿ ಕಲ್ಲಿನ ಮೇಲೆ. ಮರುದಿನ ರಾತ್ರಿ ಪೂಜೆಯಲ್ಲಿ ಗ್ಲೋರಿಯಾ ಸ್ತೋತ್ರ ಹಾಡಿದಾಗ ತಾನೇ ನಾವೆಲ್ಲ ದಬಾರ್ ಅಂತ ಬಿದ್ದು, ಕ್ರಿಸ್ತ ಎದ್ದ ಅಂತ ಹೆದರಿ ಬಾಗಿಲಿಗೆ ಓಡಬೇಕಾದ್ದು? ವಿನ್ಕೊಗೆ ಅಷ್ಟೆಲ್ಲ ಯೋಚನೆ ಎಲ್ಲಿ. ಸದ್ದು ಕೇಳಿದ್ದೇ ಬಿದ್ದ. ಅವನು ಬಿದ್ದ ಅಂತ ಉಳಿದವರೂ ಬಿದ್ರು. ಬಿದ್ದ ಮೇಲೆ ಓಡಬೇಕಲ್ಲ, ಓಡಿದ್ರು. ಮೇಲೆ ಗಂಟೆಯವನು ಅರೆನಿದ್ದೆಯಲ್ಲಿದ್ದ. ಕ್ರಿಸ್ತ ಏಳೋ ತನಕ ಬಾರಿಸಬಾರದು ಅಂತ ಗುರುವಾರದಿಂದ ಕಟ್ಟಿಟ್ಟ ಗಂಟೆನ ಬಿಚ್ಚಿ ಬಾರಿಸಿಯೇ ಬಾರಿಸಿದ. ಲುತ್ಸೆ ಅತ್ತೆ ಮನೆಯಲ್ಲಿ ಉಪವಾಸ ಕೂತಿದ್ಲು. ಗಂಟೆ ಕೇಳಿ, ಉಪವಾಸ ಮುಗೀತು, ದೇವರು ದೊಡ್ಡವನು ಅಂತ ಹಂದಿ ತೊಡೆ ಕೊಯ್ದು ಬಾಯಿಗೆ ಹಾಕ್ಕೊಂಡ್ಲು. ಇವತ್ತಿಗೂ ಕೇಳ್ತಾಳೆ, ಆ ಪಾಪ ನಂದಾ, ನಿಮ್ಮದಾ ಅಂತ. ಇಡೀ ಲೋಕ ಮೂರನೇ ದಿನಕ್ಕೆ ಕಾಯ್ತು, ನಮ್ಮೂರು ಮಾತ್ರ ಕ್ರಿಸ್ತನನ್ನ ಶುಕ್ರವಾರವೇ ಎಬ್ಬಿಸ್ತು.

ನಗಬೇಡ. ಟೋಪಿ ಗರಿ ಅಲ್ಲಾಡ್ತಿದೆ, ಲುತ್ಸೆ ಅತ್ತೆ ಇಲ್ಲೇ ನೋಡ್ತಿದಾಳೆ.

ಆಮೇಲೆ ಯಾರ ಈಟಿ ಅಂತ ಕೇಳಿದ್ರು. ನಂದು ಅಂದೆ. ನಿಜ ತಾನೇ, ಹಾಗೇ ಅಂದೆ. ಸದಾ ಕುಣಿಯೋ ಯಾಕೋವ್ ಅಂತ ಹೆಸರು ಬಂದಾಗಿತ್ತು, ಎಲ್ಲರೂ ನಂಬಿದ್ರು. ಕೈಗೆ ಆ ಕಾಯಿಲೆ ಬರುತ್ತೆ, ಅದಕ್ಕೇ ಹೀಗಾಯ್ತು ಅಂತ ಬಿಡಿಸಿ ಹೇಳ್ತಿದ್ದೆ. ನೀನು ಮಧ್ಯೆ ಬಾಯಿ ಹಾಕಿದೆ: ಕಾಯಿಲೆನೂ ಇಲ್ಲ ಏನೂ ಇಲ್ಲ, ಅಣ್ಣ ಒಂದು ಗ್ಲಾಸ್ ಹಾಕಿದ್ದ. ಯಾಕೋ ಹಾಗಂದೆ ನೀನು? ಉಪವಾಸದ ದಿನ ನೀರು ಬಿಟ್ರೆ ಏನೂ ಕುಡಿದಿರ್ಲಿಲ್ಲ ನಾನು.

ಸರಿ. ನಾನು ಸ್ಪ್ಲಿಟ್ ಪಟ್ಟಣದ ಆಸ್ಪತ್ರೆಗೆ ಹೋದೆ, ನಿನಗೆ ಹೇಳಿರ್ಲಿಲ್ಲ. ಅಲ್ಲೊಬ್ಬಳು ಡಾಕ್ಟರಮ್ಮ, ನಗಲಿಲ್ಲ. ತೋಳಿಗೂ ಬರುತ್ತೆ, ಕೆಲವರಿಗೆ ಹೊಟ್ಟೆಗೂ ಬರುತ್ತೆ, ನೀವೊಬ್ಬರೇ ಅಲ್ಲ ಅಂದ್ಲು. ರಕ್ತ ತೆಗೆದು ಕಬ್ಬಿಣ ಎಷ್ಟಿದೆ ನೋಡಿದ್ಲು. ಸಾಲದು ಅಂತ ಔಷಧಿ ಕೊಟ್ಲು. ಹಾವುಮೀನು ಸತ್ತಿಲ್ಲ, ಮಂಕಾಗಿದೆ. ಆಮೇಲೆ ಕೇಳಿದ್ಲು, ಮನೆಯಲ್ಲಿ ಬೇರೆ ಯಾರಿಗಾದ್ರೂ ಇದೆಯಾ? ಅಣ್ಣ ತಮ್ಮಂದಿರಿಗೆ?

ಇಲ್ಲ ಅಂದೆ.

ಏನೋ ಇದು, ಈಗ ನಗ್ತಾ ಇಲ್ಲ ನೀನು. ಒಂದು ಕೆಲಸ ಮಾಡು. ಹೋದ ವರ್ಷ ಬಿದ್ದದ್ದು ಯಾಕೋವ್‌ನ ಈಟಿ, ಹೌದು ಅಂದ್ರೆ ಒಂದ್ಸಲ ಕಣ್ಣು ಮಿಟುಕಿಸು. ಕಣ್ಣು ಮಿಟುಕಿಸೋಕೆ ಕಾವಲುಗಾರರಿಗೆ ಅಡ್ಡಿಯಿಲ್ಲ, ಇಷ್ಟು ಹೊತ್ತು ನೀನು ಮಿಟುಕಿಸ್ತಾನೇ ಇದ್ದೆ…

ಮಿಟುಕಿಸೋ.

ನೀರು ಬರ್ತಿದೆ ಕಣ್ಣಲ್ಲಿ, ಆದ್ರೂ ಮುಚ್ಚಲ್ಲ.

ಹಾಗಾದ್ರೆ ನಾವಿಬ್ರೂ ಸುಳ್ಳು ಹೇಳೋದು ಇಲ್ಲಿಗೆ ಸಾಕು. ನನ್ನ ಈಟಿ ನನ್ನ ಎಡಗೈಯಲ್ಲಿ ಗಟ್ಟಿಯಾಗಿತ್ತು. ಬಿದ್ದದ್ದು ನಿಂದು. ನಿನ್ನ ತೋಳು ಒದ್ದಾಡಿದ್ದು ನನ್ನ ಭುಜಕ್ಕೆ ತಗುಲಿ ಗೊತ್ತಾಯ್ತು. ನೀನು ಮೊದಲ ಸಲ ನಾಯಕನಾಗಿದ್ದೆ, ನಿನ್ನ ಹೆಂಡ್ತಿ ಕಡೆಯವರೆಲ್ಲ ಮುಂದಿನ ಸಾಲಲ್ಲಿ ಕೂತಿದ್ರು, ಹೋಗ್ಲಿ ಅಂತ ತಪ್ಪನ್ನ ನಾನೇ ನನ್ನ ಮೇಲೆ ಹಾಕ್ಕೊಂಡೆ. ಅದಕ್ಕೆ ನನಗೆ ಸಿಟ್ಟಿಲ್ಲ. ಕಾಯಿಲೆನೇ ಇಲ್ಲ ಅಂದ್ಯಲ್ಲ, ಅದಕ್ಕೆ ಸಿಟ್ಟು. ನನ್ನ ಬಾಯಿ ಮುಚ್ಚಿಸಿದ್ದು ನಿನ್ನ ತೋಳಲ್ಲೂ ಅದೇ ಇದೆ ಅಂತ ಊರಿಗೆ ಗೊತ್ತಾಗೋ ಹೆದರಿಕೆಗೆ.

ಮೇಲಂಗಿ ಒಳಗೆ ಬೆರಳು ಹಿಂಡ್ತಿದೀಯ. ಕಾಣಲ್ಲ ಅನ್ಕೊಂಡ್ಯಾ? ಆ ವಿದ್ಯೆಯಲ್ಲಿ ನಾನು ನಿನ್ನ ಗುರು.

ಕೇಳು. ಒಳಗೆ ಹೋಗಿ ನನ್ನ ಪರವಾಗಿ ನಾಲ್ಕು ಒಳ್ಳೆ ಮಾತು ಆಡೋದು ಬೇಡ. ಕರುಣೆ ಬೇಡ. ಪೂಜೆಗೆ ಜನ ತುಂಬ್ತಿದಾರೆ, ಡಾಕ್ಟರೂ ಬಂದು ಕೂತ. ಹಲ್ಲು ಕಚ್ಚಿ ನಿಂತ್ರೆ ಇವತ್ತು ಗೆಲ್ತೀಯ, ನಾನು ಕುಡುಕನಾಗೇ ಉಳಿತೀನಿ, ನೀನು ಮುಂದಿನ ವರ್ಷನೂ ಹಲ್ಲು ಕಚ್ತೀಯ. ಈಟಿ ನನ್ನ ಕೈಗೆ ಕೊಡು, ನಾನು ಹಿಡ್ಕೊಳ್ತೀನಿ. ಮೇಲಂಗಿಯಿಂದ ಆ ತೋಳು ಹೊರಗೆ ತೆಗಿ. ಎಲ್ಲರೂ ನೋಡೋ ಹಾಗೆ ಬೀಸು. ಕುಡಿದಿದೀಯಾ ಅಂತ ಯಾರಾದ್ರೂ ಕೇಳಿದ್ರೆ ಬಾಯಿಬಿಟ್ಟು ಉತ್ತರ ಹೇಳು.

ಬೀಸು ಸ್ಟಿಪೆ. ಈಗಲೇ.